ವಿದ್ಯುಚ್ಛಕ್ತಿಯ ಅಂದಾಜು

ಎಷ್ಟು ಎಲೆಗಳೆಂದು ವಿಚಾರಿಸದೆ ಸಮಾರಾಧನೆಗೆ ಅಕ್ಕಿಯನ್ನಳೆಯುವ ಅಡಿಗೆಯವನನ್ನು ಯಾವ ಯಜಮಾನನೂ ಮೆಚ್ಚನು. ಆದರೆ ನಾಡಿನ ವಿದ್ಯುಚ್ಛಕ್ತಿಯ ಅಂದಾಜುಗಳು ಬಹುಕಾಲ ಇದೇ ರೀತಿಯಲ್ಲಿ ಸಿದ್ಧವಾಗುತ್ತ ಬಂದುವು. ಹಿಂದಿನ ವರ್ಷಗಳ ಏರಿಕೆಯನ್ನೇ ಮುಂದಕ್ಕೆಳೆದು, ಅದಕ್ಕೆ ತಕ್ಕಷ್ಟು ಸ್ಥಾವರಗಳು ಬೇಕೆಂದು ಹಣ ಬೇಡುವುದೇ ಪದ್ಧತಿಯಾಗಿದ್ದಿತು.

1987 ರಲ್ಲಿ ಕರ್ನಾಟಕ ಸರ್ಕಾರದವರು ನೇಮಿಸಿದ್ದ ಸಮಿತಿಯು, 2000ನೆಯ ಇಸವಿಗೆ ಈ ನಾಡಿಗೆ ಸುಮಾರು 4,750 ಕೋಟಿ ಯೂನಿಟ್ಟುಗಳೂ 9,400 ಮೆಗಾವಾಟ್ ಸಾಮರ್ಥ್ಯವೂ ಬೇಕಾಗುವುವೆಂದು ವರದಿ ಮಾಡಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರೂ ಅವರ ಸಹೋದ್ಯೋಗಿಗಳೂ ಪ್ರಶ್ನೆಯನ್ನೇ ತಿರುಗಿಸಿದರು. ಜನರಿಗೆ ಬೇಕಾದುದು ಯೂನಿಟ್ಟುಗಳೋ, ಅವುಗಳಿಂದ ದೊರೆಯುವ ಬೆಳಕು, ಬಿಸಿನೀರು, ಬಾವಿಯ ನೀರುಗಳೋ? ಎಲ್ಲ ಮನೆಗಳಿಗೂ ದೀಪ ಕೊಡುವುದನ್ನು ಲೆಕ್ಕಕ್ಕೆ ಹಿಡಿದೂ, ಒಳ್ಳೆಯ ಪಂಪುಗಳು, ಮಿತವ್ಯಯದ ದೀಪಗಳು, ಸೂರ್ಯನ ಬಿಸಿಲಿನಿಂದ ನೀರು ಕಾಯಿಸುವ ಸಾಧನಗಳು ಮುಂತಾದುವನ್ನು ಸೇರಿಸಿ, 1991 ರಲ್ಲಿ ಅವರು ಪ್ರಕಟಿಸಿದ ಲೆಕ್ಕದಲ್ಲಿ ಸುಮಾರು 1,790 ಕೋಟಿ ಯೂನಿಟ್ಟುಗಳೂ 4,000 ಮೆಗಾವಾಟ್ಟುಗಳೂ ಸಾಕೆಂದು ಕಂಡುಬಂದಿತು. ಒಂದೇ ನಾಡು, ಒಂದೇ ವರ್ಷ. ಅಂದಾಜುಗಳಲ್ಲಿ ಮಾತ್ರ ಎರಡು ಪಾಲಿಗಿಂತಲೂ ಹೆಚ್ಚಿನ ಅಂತರ!

ಅಂದಾಜೆಂಬುದು ಜ್ಯೋತಿಷ್ಯವಲ್ಲ, ಪ್ರೊಫೆಸರರ ಪ್ರತಿಯೊಂದು ಅಂಕಿಯೂ ಫಲಿಸಿತೆಂದು ನಾವು ವಾದಿಸುವುದಿಲ್ಲ. ಆದರೆ ಬಿದ್ದ ಅಂತರವು ಗಣಿತದಿಂದ ಹುಟ್ಟಿದುದಲ್ಲ, ಗಣಿತಕ್ಕೆ ಮುಂಚೆ ಹಿಡಿದ ಭಾವನೆಗಳಿಂದ ಹುಟ್ಟಿದುದೆಂಬುದನ್ನು ವಾಚಕರು ಗಮನಿಸಬೇಕು.

ಇಂದು ಗಣಕಯಂತ್ರಗಳು ಕ್ಷಣಾರ್ಧದಲ್ಲಿ ನೂರು ಅಂದಾಜುಗಳನ್ನು ಕೊಡುತ್ತವೆ. ಧನಿಕ ರಾಷ್ಟ್ರಗಳಲ್ಲಿ ರಚಿತವಾದ ಲೆಕ್ಕದ ಮಾದರಿಗಳನ್ನು ನಮ್ಮಂತಹ ದೇಶಗಳಿಗೆ ತಂದಾಗ, ಕೊಂಡ ಸರಕೆಲ್ಲ ಲೆಕ್ಕಕ್ಕೆ ಬರುತ್ತದೆ. ಹೆಂಗಸರು ಹೊತ್ತು ತರುವ ಸೌದೆಯ ಹೊರೆ ಬಿಟ್ಟುಹೋಗುತ್ತದೆ. ಅಷ್ಟು ದೂರವೇಕೆ? ನಮ್ಮ ಲಕ್ಷಾಂತರ ನೀರಾವರಿ ಪಂಪುಗಳಲ್ಲಿ ಬಹುಭಾಗಕ್ಕೆ ಮೀಟರೇ ಇಲ್ಲ. ತಂತಿಯಲ್ಲಿ ಸೋರಿದುದೆಷ್ಟು, ರೈತನ ಬಾವಿಗೆ ಸೇರಿದುದೆಷ್ಟು ಎಂಬುದು ಊಹೆಯ ಮಾತು. ಈ ಊಹೆಯ ಮೇಲೆಯೇ ಸಹಾಯಧನವೂ ಮುಂದಿನ ಯೋಜನೆಯೂ ನಿಂತಿರುತ್ತವೆ. 2023 ರಲ್ಲಿ ಮಳೆ ಕೈಕೊಟ್ಟು, ಪಂಪುಗಳ ಬೇಡಿಕೆ ಏರಿ, ಹೊತ್ತಲ್ಲದ ಹೊತ್ತಿನಲ್ಲಿ ಕರೆಂಟಿಗಾಗಿ ಗದ್ದೆಯಲ್ಲಿ ಕಾದು ಕುಳಿತವನು ರೈತನೇ ಹೊರತು ಅಂದಾಜು ಬರೆದವರಲ್ಲ.

ಆದುದರಿಂದ ಸರ್ಕಾರದವರಲ್ಲಿ ನಮ್ಮ ಬಿನ್ನಹವಿಷ್ಟೆ. ರೈತನಿಂದ ಕಾಸನ್ನೂ ಕೇಳದೆ, ಪಂಪುಗಳಿಗೆ ಒದಗಿಸುವ ಟ್ರಾನ್ಸ್‌ಫಾರ್ಮರುಗಳಿಗಾದರೂ ಮೀಟರು ಹಾಕಿಸಿ ನಿಜವಾದ ಅಳತೆಯನ್ನು ತಿಳಿಯಲಿ. ಉತ್ಪಾದಿಸಿದ ಯೂನಿಟ್ಟಿನ ಪಕ್ಕದಲ್ಲಿ ಉಳಿಸಿದ ಯೂನಿಟ್ಟಿನ ಬೆಲೆಯನ್ನೂ ಬರೆಯಲಿ. ಪ್ರತಿಯೊಂದು ಅಂದಾಜಿನ ಹಿಂದಿರುವ ಭಾವನೆಗಳನ್ನು, ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಬಹಿರಂಗ ವಿಚಾರಣೆಗೆ ಮೊದಲೇ, ಕನ್ನಡದಲ್ಲಿ ಪ್ರಕಟಿಸಲಿ. ಸಾಲದ ಹೊರೆಯನ್ನು ಪ್ರಜೆಗಳು ಹೊರಬೇಕಾಗಿರುವಾಗ, ಆ ಸಾಲಕ್ಕೆ ಕಾರಣವಾದ ಲೆಕ್ಕವನ್ನು ಓದುವ ಅಧಿಕಾರವೂ ಪ್ರಜೆಗಳದೇ ಆಗಿದೆ.