ಮುದ್ರೆಯುಳ್ಳ ಪಿಸ್ತೂಲು, ಹೆಸರಿಲ್ಲದ ಉಕ್ಕು

ಮಧುಗಿರಿಗೆ ಸಮೀಪದ ಹಳ್ಳಿಯೊಂದರಲ್ಲಿ ನನ್ನ ಪರಿಚಿತರೊಬ್ಬರು ತಮ್ಮ ಪೂರ್ವಿಕರ ತೊಟ್ಟಿಮನೆಯನ್ನು ಬಿಚ್ಚಿಸುತ್ತಿದ್ದಾಗ, ಅಟ್ಟದ ಮೂಲೆಯಲ್ಲಿ ಹಳೆಯ ಬಟ್ಟೆಯ ಗಂಟೊಂದು ದೊರೆಯಿತು. ಬಿಚ್ಚಿ ನೋಡಿದರೆ ತುಕ್ಕು ತಿಂದ ಪಿಸ್ತೂಲು! ಅವರು ಕೂಡಲೇ ನನಗೆ ಹೇಳಿ ಕಳುಹಿಸಿದರು. ನಾನು ಹೋದೊಡನೆ, "ಮೇಷ್ಟ್ರೇ, ಇದು ಟಿಪ್ಪೂ ಸುಲ್ತಾನನದೇ ಇರಬೇಕು. ಹುಣಸೆಹಣ್ಣು, ಬೂದಿ ಹಾಕಿ ಚೆನ್ನಾಗಿ ಉಜ್ಜಿಸಿಬಿಡಲೇ?" ಎಂದು ಕೇಳಿದರು.

"ದಯಮಾಡಿ ಕೈ ತಡೆಯಿರಿ" ಎಂದೆ. ಹಳೆಯ ಆಯುಧದ ಜಾತಕವೆಲ್ಲ ಅದರ ಮೇಲ್ಮೈಯಲ್ಲಿ, ಕೂದಲೆಳೆಯಷ್ಟು ಆಳದ ಕೆತ್ತನೆಯಲ್ಲಿ ಇರುತ್ತದೆ. ಒಂದು ಗಳಿಗೆಯ ಉಜ್ಜುವಿಕೆಯಿಂದ ಎರಡು ಶತಮಾನದ ಸಾಕ್ಷ್ಯ ಅಳಿಸಿಹೋಗಬಹುದು. ನಳಿಗೆಯೊಳಗೆ ಹಳೆಯ ಮದ್ದುಗುಂಡು ಉಳಿದಿರುವುದೂ ಉಂಟು. ಆದುದರಿಂದ ಕುದುರೆಯನ್ನು ಮೀಟಿ ನೋಡುವ ಕುತೂಹಲವೂ ಸಲ್ಲದು.

ಇಂದಿನ ಸ್ಪರ್ಧೆಗಳಲ್ಲಿ ಬಳಸುವ ಪಿಸ್ತೂಲನ್ನು ಗುರುತಿಸುವುದು ಅಷ್ಟು ಕಷ್ಟವಲ್ಲ. ತಯಾರಕರ ಹೆಸರು, ಕ್ರಮಸಂಖ್ಯೆ, ಪರೀಕ್ಷಾ ಮುದ್ರೆ ಎಲ್ಲವೂ ಅದರ ಮೈಮೇಲೆಯೇ ಇರುತ್ತವೆ. ಹದಿನೆಂಟನೆಯ ಶತಮಾನದ ನಮ್ಮ ದೇಶದ ಬಂದೂಕುಗಳಲ್ಲಿ ಇಂತಹ ವಿವರ ವಿರಳ. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾರ್ಖಾನೆಯಿಂದ ಹೊರಬಂದ ಉತ್ತಮ ಆಯುಧಗಳು ಇದಕ್ಕೆ ಅಪವಾದ. ಅವು ತಾವು ಯಾರವು, ಎಲ್ಲಿ ಹುಟ್ಟಿದವು, ಯಾವ ವರ್ಷದವು ಎಂಬುದನ್ನು ತಾವೇ ನುಡಿಯುತ್ತವೆ.

ಮೊದಲನೆಯ ಗುರುತು ಹುಲಿ. 'ಬಬ್ರಿ' ಎಂಬ ಹುಲಿಪಟ್ಟೆಯ ವಿನ್ಯಾಸ ಸುಲ್ತಾನನ ಸ್ವತ್ತಿನ ಲಾಂಛನ. ಚಕಮಕಿ ಕಲ್ಲನ್ನು ಹಿಡಿಯುವ ಕುದುರೆಯಲ್ಲೋ, ಹಿಡಿಯ ಕೊನೆಯಲ್ಲೋ ಹುಲಿಯ ಮುಖವೂ ಕಾಣಿಸಬಹುದು. ಎರಡನೆಯದು ನಳಿಗೆಯ ಮೇಲಿನ ಸಣ್ಣ ಮುದ್ರೆ; 'ಹೈದರ್' ಎಂಬ ಹೆಸರಿನ ಅಕ್ಷರಗಳನ್ನು ಅದರಲ್ಲಿ ಯಂತ್ರದ ರೀತಿಯಲ್ಲಿ ಹೆಣೆದಿರುತ್ತಾರೆ. ಮೂರನೆಯದು ಪಾರಸಿ ಬರೆಹ. ಕುಶಲಿಯ ಹೆಸರು, 'ಪಟ್ಟಣ' ಎಂಬ ಸ್ಥಳನಾಮ, ವರ್ಷ ಇವುಗಳನ್ನು ಅಲ್ಲಿ ಹುಡುಕಬೇಕು. ಜೋಡಿ ಪಿಸ್ತೂಲುಗಳಾದರೆ ಇನ್ನೊಂದು ಸೊಗಸುಂಟು. ಕೆಲವು ಜೋಡಿಗಳಲ್ಲಿ ಕಿಡಿ ಹಾರಿಸುವ ಯಂತ್ರ ಒಂದಕ್ಕೆ ಬಲಬದಿಗಿದ್ದರೆ ಇನ್ನೊಂದಕ್ಕೆ ಎಡಬದಿಗಿರುತ್ತದೆ. ಕನ್ನಡಿಯಲ್ಲಿ ಕಂಡ ಬಿಂಬದಂತೆ.

ವರ್ಷವನ್ನು ಓದುವಲ್ಲಿ ಎಡವದವರು ಕಡಮೆ. ಟಿಪ್ಪು ಬಳಕೆಗೆ ತಂದ ಮೌಲೂದಿ ಶಕೆಯಲ್ಲಿ ಅಂಕೆಗಳನ್ನು ಬಲದಿಂದ ಎಡಕ್ಕೆ ಬರೆಯುತ್ತಿದ್ದರು. ೪೨೨೧ ಎಂದು ಕಂಡರೆ ಅದನ್ನು ೧೨೨೪ ಎಂದು ಓದಬೇಕು. ಅದಕ್ಕೆ ಸುಮಾರು ೫೭೨ನ್ನು ಕೂಡಿದರೆ ೧೭೯೬ರ ಆಸುಪಾಸಿನ ಕಾಲ ದೊರೆಯುತ್ತದೆ.

ಆದರೆ ಹುಲಿಯೊಂದನ್ನು ಕಂಡು ಹಿಗ್ಗಬಾರದು. ೨೦೧೫ರ ಏಪ್ರಿಲಿನಲ್ಲಿ ಲಂಡನ್ನಿನ ಬಾನಮ್ಸ್ ಹರಾಜಿನಲ್ಲಿ ಟಿಪ್ಪುವಿಗೆ ಸಂಬಂಧಿಸಿದ ಮೂವತ್ತು ವಸ್ತುಗಳು ಒಟ್ಟು ೬೦ ಲಕ್ಷ ಪೌಂಡಿಗೂ ಮೇಲ್ಪಟ್ಟು ಮಾರಿಹೋದವು. ಇಷ್ಟು ಹಣವಿರುವೆಡೆ ಹುಲಿಯನ್ನು ಹೊಸದಾಗಿ ಕೆತ್ತುವ ಕೈಗಳೂ ಇರುತ್ತವೆ. ಆದುದರಿಂದ ಮುದ್ರೆ, ಬರೆಹ, ವರ್ಷ, ಸವಕಲು ಎಲ್ಲವೂ ಒಂದಕ್ಕೊಂದು ಹೊಂದಬೇಕು. ಆಯುಧ ಕೈಯಿಂದ ಕೈಗೆ ದಾಟಿ ಬಂದ ಕತೆಯೂ ಅವುಗಳ ಜೊತೆಗೆ ಸರಿಬೀಳಬೇಕು. ೨೦೧೯ರಲ್ಲಿ ಇಂಗ್ಲೆಂಡಿನ ಬರ್ಕ್‌ಷೈರಿನ ಮನೆಯೊಂದರ ಅಟ್ಟದಲ್ಲಿ ಸಿಕ್ಕಿದ ಬೆಳ್ಳಿಕಟ್ಟಿನ ಬಂದೂಕು ೬೦,೦೦೦ ಪೌಂಡಿಗೆ ಮಾರಾಟವಾಯಿತು. ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣ ಬಿದ್ದ ಬಳಿಕ ಕಂಪನಿಯ ಮೇಜರ್ ಥಾಮಸ್ ಹಾರ್ಟ್ ಅದನ್ನು ಸ್ವದೇಶಕ್ಕೆ ಒಯ್ದಿದ್ದನು. ಆ ಹೆಸರೇ ಬಂದೂಕಿಗೆ ವಂಶಾವಳಿಯಾಯಿತು.

ನಮ್ಮ ಪರಿಚಿತರ ಪಿಸ್ತೂಲನ್ನು ಮೆತ್ತನೆಯ ಕುಂಚದಿಂದ ಧೂಳು ಕೊಡವಿ, ಹಗಲ ಬೆಳಕಿನಲ್ಲಿ ಓರೆಯಾಗಿ ಹಿಡಿದು ನೋಡಿದೆವು. ಹುಲಿಯಿಲ್ಲ, ಅಕ್ಷರವಿಲ್ಲ, ಅಂಕೆಯಿಲ್ಲ. ನಳಿಗೆಯ ಮೇಲೆ ಸುತ್ತಿಗೆಯ ಪೆಟ್ಟಿನ ಗುರುತುಗಳಷ್ಟೆ ಇದ್ದವು. ಮನೆಯವರ ಮುಖ ಬಾಡಿತು. "ಹಾಗಾದರೆ ಗುಜರಿಗೆ ಹಾಕಿಬಿಡೋಣವೇ?" ಎಂದರು.

ಈ ಪ್ರಶ್ನೆಗೆ ಉತ್ತರ ಹೇಳಲೆಂದೇ ನಾನು ಇಂದು ಲೇಖನಿ ಹಿಡಿದದ್ದು. ಹೆಸರಿಲ್ಲದ ವಸ್ತುವಿಗೆ ಚರಿತ್ರೆಯಿಲ್ಲವೆಂದು ಹೇಳಲಾದೀತೆ? ಸಿರಾದಿಂದ ಹನ್ನೆರಡು ಸಾವಿರ ಸಂಸಾರಗಳನ್ನು ಟಿಪ್ಪು ಬಲವಂತದಿಂದ ಎಬ್ಬಿಸಿ, ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ನೆಲೆಗೊಳಿಸಿದನೆಂದು ರೈಸ್ ಸಾಹೇಬರ ಗೆಜೆಟಿಯರು ದಾಖಲಿಸಿದೆ. ಅವರಲ್ಲಿ ಒಬ್ಬರ ಹೆಸರಾದರೂ ನಮಗೆ ತಿಳಿದಿದೆಯೆ? ೧೮೦೦ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಇಂದಿನ ಕೊರಟಗೆರೆ ತಾಲ್ಲೂಕಿನ ಚನ್ನರಾಯನದುರ್ಗದ ಆಸುಪಾಸಿನಲ್ಲಿ ಉಕ್ಕು ಮಾಡುವ ಕುಲುಮೆಗಳನ್ನು ಕಂಡು ವಿವರವಾಗಿ ವರ್ಣಿಸಿದ್ದಾನೆ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡನ್ನಿಟ್ಟು, ಜೊತೆಗೆ ತಂಗಡಿಯ ಕಡ್ಡಿಯನ್ನೂ ಹಸಿರೆಲೆಯನ್ನೂ ಹಾಕಿ, ಬಾಯಿಗೆ ಮಣ್ಣು ಮೆತ್ತಿ, ತಿದಿಯೊತ್ತಿ ಕಾಯಿಸುತ್ತಿದ್ದರು. ಸೊಪ್ಪುಕಡ್ಡಿಯ ಇಂಗಾಲ ಕಬ್ಬಿಣವನ್ನು ಹೊಕ್ಕು ಅದನ್ನು ಉಕ್ಕಾಗಿಸುತ್ತಿತ್ತು. ಆ ಉಕ್ಕಿನಿಂದ ಕಲ್ಲುಕುಟಿಗರ ಉಳಿ, ಕತ್ತಿಯ ಅಲಗು, ವಾದ್ಯದ ತಂತಿ ಆಗುತ್ತಿದ್ದವು. ಉಕ್ಕು ಕಾಯಿಸಿದವನು ಮಾತ್ರ ಎಲ್ಲಿಯೂ ತನ್ನ ಮುದ್ರೆಯೊತ್ತಲಿಲ್ಲ.

ಗುರುತಿಸುವವರಿಲ್ಲದಿದ್ದರೆ ಅಮೂಲ್ಯವಾದುದೂ ಹಳೆಯ ಕಬ್ಬಿಣವೇ. ಹೊಸನಗರ ತಾಲ್ಲೂಕಿನ ನಗರದಲ್ಲಿ ೨೦೧೮ರಲ್ಲಿ ಪಾಳುಬಾವಿಯೊಂದರಿಂದ ಟಿಪ್ಪುವಿನ ಕಾಲದ್ದೆಂದು ಗುರುತಿಸಲಾದ ಸಾವಿರಕ್ಕೂ ಮಿಕ್ಕ ರಾಕೆಟ್ಟುಗಳನ್ನು ಪುರಾತತ್ತ್ವ ಇಲಾಖೆಯವರು ಹೊರತೆಗೆದರು. ಅವು ಗುಜರಿಯವನ ತಕ್ಕಡಿಯನ್ನು ಸೇರಿದ್ದರೆ ಗತಿಯೇನಾಗುತ್ತಿತ್ತು?

ಆದುದರಿಂದ ನಾನು ಅವರಿಗೆ ಹೇಳಿದ್ದಿಷ್ಟು: ಆಯುಧವೆಂದ ಮೇಲೆ ೧೯೫೯ರ ಶಸ್ತ್ರಾಸ್ತ್ರ ಕಾಯಿದೆ ಇದೆ; ಬಚ್ಚಿಡದೆ ಪೊಲೀಸು ಠಾಣೆಗೂ ಪುರಾತತ್ತ್ವ ಇಲಾಖೆಗೂ ತಿಳಿಸಿ. ನೂರು ವರ್ಷ ಮೀರಿದ್ದಾದರೆ ೧೯೭೨ರ ಪ್ರಾಚ್ಯವಸ್ತು ಕಾಯಿದೆಯೂ ಅನ್ವಯಿಸುತ್ತದೆ. ಅಂತಹ ವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಕಳುಹಿಸುವಂತಿಲ್ಲ. ಎಲ್ಲಿ, ಯಾವ ದಿನ, ಯಾವ ಬಟ್ಟೆಯಲ್ಲಿ ಸಿಕ್ಕಿತೆಂಬುದನ್ನು ಈಗಲೇ ಬರೆದಿಡಿ. ಮನೆಯ ಹಿರಿಯರು ಬಲ್ಲುದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ.

ಒಳಗಿನಿಂದ ಎಲ್ಲವನ್ನೂ ಕೇಳುತ್ತಿದ್ದ ಅವರ ವೃದ್ಧ ತಾಯಿಯವರು ಆಗ ಬಾಗಿಲಿಗೆ ಬಂದು, "ಊರಾಚೆ ಕಿಟ್ಟದ ದಿಬ್ಬ ಒಂದಿತ್ತಪ್ಪ. ನಾವು ಚಿಕ್ಕವರಿದ್ದಾಗ ಅಲ್ಲಿ ಆಡುತ್ತಿದ್ದೆವು. ಕುಲುಮೆಯವರ ದಿಬ್ಬ ಅನ್ನುತ್ತಿದ್ದರು. ರಸ್ತೆ ಮಾಡುವಾಗ ಮಟ್ಟ ಮಾಡಿಬಿಟ್ಟರು" ಎಂದರು.

ಮಗನಿಗೆ ಆ ಸಂಗತಿ ಅದುವರೆಗೆ ತಿಳಿದಿರಲಿಲ್ಲ. ಪಿಸ್ತೂಲನ್ನು ಮತ್ತೆ ಅದೇ ಬಟ್ಟೆಯಲ್ಲಿ ಸುತ್ತಿಟ್ಟು, ಮೊಮ್ಮಗಳ ಶಾಲೆಯ ಪುಸ್ತಕದಿಂದ ಒಂದು ಹಾಳೆಯನ್ನು ತೆಗೆದುಕೊಂಡು, "ಅಮ್ಮ, ಇನ್ನೊಂದು ಸಲ ಹೇಳು" ಎಂದು ಅವರು ಬರೆಯಲು ಕುಳಿತರು.