ಚುನಾಯಿತ ಪರಿಷತ್ತು ಇಲ್ಲದ ಅವಧಿಯಲ್ಲಿ ನಗರಾಡಳಿತ : ಸಾರ್ವಜನಿಕ ಅಹವಾಲುಗಳ ದೃಷ್ಟಿಯಿಂದ ಒಂದು ವಿಶ್ಲೇಷಣೆ

1. ಪೀಠಿಕೆ

ಕುಡಿಯುವ ನೀರು, ಒಳಚರಂಡಿ, ಬೀದಿದೀಪ, ರಸ್ತೆ, ಕಸ ವಿಲೇವಾರಿ, ಉದ್ಯಾನ, ಸ್ಮಶಾನ ಮುಂತಾದ ವಿಷಯಗಳಲ್ಲಿ ನಾಗರಿಕನಿಗೆ ಅತ್ಯಂತ ಸಮೀಪದಲ್ಲಿರುವ ಸರ್ಕಾರವೆಂದರೆ ನಗರ ಸ್ಥಳೀಯ ಸಂಸ್ಥೆ. ಕರ್ನಾಟಕದಲ್ಲಿ ಇಂತಹ ಸಂಸ್ಥೆಗಳು ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆ ಮತ್ತು ಮಹಾನಗರ ಪಾಲಿಕೆಗಳೆಂಬ ನಾಲ್ಕು ಸ್ತರಗಳಲ್ಲಿ ಕಾರ್ಯನಿರ್ವಹಿಸುತ್ತವೆ. ಮಹಾನಗರ ಪಾಲಿಕೆಗಳಿಗೆ ಕರ್ನಾಟಕ ಮಹಾನಗರ ಪಾಲಿಕೆಗಳ ಅಧಿನಿಯಮ, 1976 ಹಾಗೂ ಉಳಿದ ಮೂರಕ್ಕೆ ಕರ್ನಾಟಕ ಪುರಸಭೆಗಳ ಅಧಿನಿಯಮ, 1964 ಅನ್ವಯಿಸುತ್ತವೆ. ಬೆಂಗಳೂರಿಗೆ ಪ್ರತ್ಯೇಕ ಕಾನೂನು ಇದೆ.

ಕಳೆದ ಕೆಲವು ವರ್ಷಗಳಲ್ಲಿ ರಾಜ್ಯದ ಹಲವು ನಗರಗಳು ಚುನಾಯಿತ ಪರಿಷತ್ತು ಇಲ್ಲದೆ ಆಡಳಿತಾಧಿಕಾರಿಗಳ ಅಧೀನದಲ್ಲಿ ದೀರ್ಘ ಕಾಲ ನಡೆದಿವೆ. ಬೆಂಗಳೂರಿನ ಪರಿಷತ್ತಿನ ಅವಧಿ 2020ರ ಸೆಪ್ಟೆಂಬರ್ 10ರಂದು ಮುಕ್ತಾಯವಾಯಿತು. 2018ರಲ್ಲಿ ಚುನಾಯಿತವಾದ ಮೈಸೂರು ಮಹಾನಗರ ಪಾಲಿಕೆಯ ಪರಿಷತ್ತಿನ ಅವಧಿ 2023ರ ನವೆಂಬರ್‌ನಲ್ಲಿ ಮುಗಿಯಿತು. ಈ ಎರಡೂ ನಗರಗಳಲ್ಲಿ 2025ನೇ ವರ್ಷ ಮುಗಿಯುವವರೆಗೂ ಹೊಸ ಪರಿಷತ್ತು ರಚನೆಯಾಗಲಿಲ್ಲ. ಈ ಪರಿಸ್ಥಿತಿಯಿಂದ ನಾಗರಿಕರ ಅಹವಾಲುಗಳ ಮೇಲೆ ಉಂಟಾಗುವ ಪರಿಣಾಮವೇನು ಮತ್ತು ಅಂತಹ ಅವಧಿಯಲ್ಲಿ ನಾಗರಿಕರಿಗೆ ಉಳಿದಿರುವ ಮಾರ್ಗಗಳು ಯಾವುವು ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

2. ಸಂವಿಧಾನದ ಆಶಯ

1993ರ ಜೂನ್ 1ರಿಂದ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯು ನಗರ ಸ್ಥಳೀಯ ಸಂಸ್ಥೆಗಳಿಗೆ ಸಂವಿಧಾನಾತ್ಮಕ ಸ್ಥಾನಮಾನ ನೀಡಿತು. ಈ ಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳನ್ನು ಹನ್ನೆರಡನೆಯ ಅನುಸೂಚಿಯಲ್ಲಿ ಪಟ್ಟಿ ಮಾಡಲಾಗಿದೆ. ಅನುಚ್ಛೇದ 243-ಯು ಪ್ರಕಾರ ಪರಿಷತ್ತಿನ ಅವಧಿಯು ಮೊದಲ ಸಭೆಯ ದಿನಾಂಕದಿಂದ 5 ವರ್ಷ, ಅದಕ್ಕಿಂತ ಹೆಚ್ಚಿಲ್ಲ. ಅವಧಿ ಮುಗಿಯುವ ಮುನ್ನವೇ ಮುಂದಿನ ಚುನಾವಣೆ ಪೂರ್ಣಗೊಳ್ಳಬೇಕು. ಪರಿಷತ್ತು ಮಧ್ಯದಲ್ಲಿ ವಿಸರ್ಜನೆಗೊಂಡ ಪಕ್ಷದಲ್ಲಿ 6 ತಿಂಗಳೊಳಗೆ ಚುನಾವಣೆ ನಡೆಯಬೇಕು.

ಈ ಅವಧಿಯು ಕಡ್ಡಾಯವಾದುದೆಂದು ಸರ್ವೋಚ್ಚ ನ್ಯಾಯಾಲಯವು ಕಿಶನ್‌ಸಿಂಗ್ ತೋಮರ್ ವಿರುದ್ಧ ಅಹಮದಾಬಾದ್ ನಗರ ಪಾಲಿಕೆ ಪ್ರಕರಣದಲ್ಲಿ (2006) ತೀರ್ಪು ನೀಡಿದೆ. ವಾರ್ಡು ವಿಂಗಡಣೆ ಅಥವಾ ಹಿಂದುಳಿದ ವರ್ಗಗಳ ಮೀಸಲಾತಿ ನಿಗದಿಯ ಕಾರ್ಯ ಬಾಕಿಯಿದೆ ಎಂಬ ಕಾರಣಕ್ಕೆ ಚುನಾವಣೆಯನ್ನು ತಡೆಹಿಡಿಯುವಂತಿಲ್ಲವೆಂದು ಮಧ್ಯಪ್ರದೇಶಕ್ಕೆ ಸಂಬಂಧಿಸಿದ ಪ್ರಕರಣದಲ್ಲಿ 2022ರ ಮೇ 10ರಂದು ಅದೇ ನ್ಯಾಯಾಲಯ ಆದೇಶಿಸಿತು. ಹೀಗಿದ್ದರೂ ವಿಳಂಬ ಏಕೆ ಉಂಟಾಗುತ್ತದೆ ಎಂಬುದನ್ನು ಅರಿಯುವುದು ಅವಶ್ಯಕ.

3. ವಿಳಂಬದ ಕಾರಣಗಳು

ಚುನಾವಣೆಗೆ ಮುನ್ನ ನಾಲ್ಕು ಕಾರ್ಯಗಳು ಒಂದರ ನಂತರ ಒಂದರಂತೆ ಮುಗಿಯಬೇಕು : ವಾರ್ಡುಗಳ ಗಡಿ ನಿಗದಿ, ವಾರ್ಡುವಾರು ಮೀಸಲಾತಿ, ಮತದಾರರ ಪಟ್ಟಿಯ ಸಿದ್ಧತೆ ಮತ್ತು ರಾಜ್ಯ ಚುನಾವಣಾ ಆಯೋಗದ ಅಧಿಸೂಚನೆ. ಮೊದಲ ಹಂತದಲ್ಲಿ ಬದಲಾವಣೆಯಾದರೆ ನಂತರದ ಎಲ್ಲ ಹಂತಗಳೂ ಪುನಃ ಆರಂಭವಾಗಬೇಕಾಗುತ್ತದೆ. ಪ್ರತಿ ಹಂತದಲ್ಲಿಯೂ ಆಕ್ಷೇಪಣೆ ಮತ್ತು ನ್ಯಾಯಾಲಯದ ದಾವೆಗಳಿಗೆ ಅವಕಾಶವಿದೆ.

ಇದಕ್ಕೆ ಬೆಂಗಳೂರಿನ ವಾರ್ಡುಗಳ ಸಂಖ್ಯೆಯೇ ನಿದರ್ಶನ. 198 ಇದ್ದ ವಾರ್ಡುಗಳು 2022ರ ಜುಲೈ ತಿಂಗಳಿನಲ್ಲಿ 243 ಆದವು. 2023ರ ಸೆಪ್ಟೆಂಬರ್‌ನಲ್ಲಿ 225ಕ್ಕೆ ಇಳಿದವು. ಗ್ರೇಟರ್ ಬೆಂಗಳೂರು ಆಡಳಿತ ಅಧಿನಿಯಮ, 2024 ಜಾರಿಗೆ ಬಂದ ನಂತರ 2025ರ ಸೆಪ್ಟೆಂಬರ್‌ನಲ್ಲಿ 5 ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದವು ಮತ್ತು ಅದೇ ವರ್ಷದ ನವೆಂಬರ್‌ನಲ್ಲಿ ಅವುಗಳಿಗೆ ಒಟ್ಟು 369 ವಾರ್ಡುಗಳನ್ನು ನಿಗದಿಪಡಿಸಲಾಯಿತು. ಪ್ರತಿ ಬದಲಾವಣೆಗೂ ಆಡಳಿತಾತ್ಮಕ ಕಾರಣಗಳಿರಬಹುದು. ಆದರೆ ಪ್ರತಿ ಬದಲಾವಣೆಯೊಂದಿಗೆ ಮೀಸಲಾತಿ ಪಟ್ಟಿ ಹಾಗೂ ಮತದಾರರ ಪಟ್ಟಿಗಳೂ ಹೊಸದಾಗಿ ಸಿದ್ಧವಾಗಬೇಕಾಯಿತು ಎಂಬುದು ಗಮನಾರ್ಹ.

ಹಿಂದುಳಿದ ವರ್ಗಗಳ ಮೀಸಲಾತಿಗೆ ಪ್ರತ್ಯೇಕ ಆಯೋಗದ ಮೂಲಕ ಅಧ್ಯಯನ ನಡೆಸಬೇಕೆಂಬುದು 2021ರ ಮಾರ್ಚ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಪುನರುಚ್ಚರಿಸಿದ ತ್ರಿವಿಧ ಪರೀಕ್ಷೆಯ ಭಾಗವಾಗಿದೆ. ಇದರಂತೆ ರಾಜ್ಯದಲ್ಲಿ ನ್ಯಾಯಮೂರ್ತಿ ಕೆ. ಭಕ್ತವತ್ಸಲ ಅವರ ಆಯೋಗವು 2022ರಲ್ಲಿ ವರದಿ ಸಲ್ಲಿಸಿತು.

ಸದಸ್ಯರು ಚುನಾಯಿತರಾಗಿದ್ದರೂ ಪರಿಷತ್ತು ಪೂರ್ಣವಾಗಿ ಕಾರ್ಯನಿರ್ವಹಿಸದ ಸಂದರ್ಭವೂ ಉಂಟು. ನಗರಸಭೆ, ಪುರಸಭೆ ಮತ್ತು ಪಟ್ಟಣ ಪಂಚಾಯಿತಿಗಳ ಅಧ್ಯಕ್ಷರ 30 ತಿಂಗಳ ಮೊದಲ ಅವಧಿ 2023ರಲ್ಲಿ ಮುಗಿದ ಹಲವು ಪಟ್ಟಣಗಳಲ್ಲಿ ಎರಡನೆಯ ಅವಧಿಯ ಮೀಸಲಾತಿ ಪಟ್ಟಿ 2024ರ ಆಗಸ್ಟ್‌ನಲ್ಲಿ ಪ್ರಕಟವಾಯಿತು. ಅಲ್ಲಿಯವರೆಗೆ ಆ ಪಟ್ಟಣಗಳಲ್ಲಿ ಸದಸ್ಯರಿದ್ದರು, ಅಧ್ಯಕ್ಷರಿರಲಿಲ್ಲ.

4. ಆಡಳಿತಾಧಿಕಾರಿಯ ಅವಧಿಯಲ್ಲಿ ಯಾವುದು ನಡೆಯುತ್ತದೆ, ಯಾವುದು ನಿಲ್ಲುತ್ತದೆ

ಪರಿಷತ್ತು ಇಲ್ಲದಿದ್ದರೆ ನಗರದ ಎಲ್ಲ ಕೆಲಸಗಳೂ ನಿಲ್ಲುತ್ತವೆ ಎಂಬ ಭಾವನೆ ಸರಿಯಲ್ಲ. ಪರಿಷತ್ತಿನ ಅಧಿಕಾರಗಳನ್ನು ಸರ್ಕಾರ ನೇಮಿಸಿದ ಆಡಳಿತಾಧಿಕಾರಿ ಚಲಾಯಿಸುತ್ತಾರೆ. ಆಯುಕ್ತರು, ಪೌರಾಯುಕ್ತರು ಅಥವಾ ಮುಖ್ಯಾಧಿಕಾರಿ ಎಂದಿನಂತೆ ಕಾರ್ಯನಿರ್ವಹಿಸುತ್ತಾರೆ. ಆಯವ್ಯಯ ಮಂಡನೆಯಾಗುತ್ತದೆ, ತೆರಿಗೆ ವಸೂಲಾಗುತ್ತದೆ, ವೇತನ ಪಾವತಿಯಾಗುತ್ತದೆ, ಟೆಂಡರ್ ಕರೆಯಲಾಗುತ್ತದೆ. ಟೀಕೆಗಳ ನಡುವೆಯೂ ಇದನ್ನು ಒಪ್ಪಿಕೊಳ್ಳಬೇಕು.

ಆದರೆ ನಾಗರಿಕರ ಬೇಡಿಕೆಗಳಲ್ಲಿ ಎರಡು ಬಗೆಗಳಿವೆ. ಮೊದಲನೆಯದು ವೈಯಕ್ತಿಕ ಸೇವೆ : ಜನನ ಪ್ರಮಾಣ ಪತ್ರ, ಖಾತಾ ಬದಲಾವಣೆ, ವ್ಯಾಪಾರ ಪರವಾನಗಿ ಇತ್ಯಾದಿ. ಇವುಗಳಿಗೆ ನಿಯಮವಿದೆ, ಶುಲ್ಕವಿದೆ, ನಿಗದಿತ ಕಾಲಾವಧಿಯಿದೆ. ಇಲ್ಲಿ ಪರಿಷತ್ತಿನ ಗೈರುಹಾಜರಿಯಿಂದ ಹೆಚ್ಚಿನ ವ್ಯತ್ಯಾಸ ಉಂಟಾಗುವುದಿಲ್ಲ. ಎರಡನೆಯದು ಸಾಮೂಹಿಕ ಬೇಡಿಕೆ : ಒಂದು ಬಡಾವಣೆಯ ಮಳೆನೀರು ಚರಂಡಿ, ಒಂದು ವಾರ್ಡಿನ ನೀರಿನ ಕೊಳವೆ ಮಾರ್ಗ, ಕಸ ಸಂಸ್ಕರಣಾ ಘಟಕದ ಸ್ಥಳ ಇತ್ಯಾದಿ. ಇಲ್ಲಿ ನಿಯಮವೊಂದರಿಂದಲೇ ಉತ್ತರ ದೊರೆಯುವುದಿಲ್ಲ. ಹಲವು ನ್ಯಾಯಯುತ ಬೇಡಿಕೆಗಳ ನಡುವೆ ಆಯ್ಕೆ ಮಾಡಬೇಕಾಗುತ್ತದೆ.

ಉದಾಹರಣೆಗಾಗಿ, ಚರಂಡಿ ಕಾಮಗಾರಿಗೆ 1 ಕೋಟಿ ರೂಪಾಯಿ ಲಭ್ಯವಿದೆ, ಮೂರು ವಾರ್ಡುಗಳ ಅಂದಾಜು ಪಟ್ಟಿಗಳು ತಲಾ 1 ಕೋಟಿ ರೂಪಾಯಿಗಳಷ್ಟಿವೆ ಎಂದು ಭಾವಿಸೋಣ. ಪರಿಷತ್ತು ಇದ್ದಾಗ ಮೂರೂ ವಾರ್ಡುಗಳ ಸದಸ್ಯರು ಸಭೆಯಲ್ಲಿ ತಮ್ಮ ತಮ್ಮ ವಾದ ಮಂಡಿಸುತ್ತಾರೆ. ಅದು ಸಭಾ ನಡವಳಿಯಲ್ಲಿ ದಾಖಲಾಗುತ್ತದೆ, ಪತ್ರಿಕೆಗಳಲ್ಲಿ ವರದಿಯಾಗುತ್ತದೆ. ಹಣ ದೊರೆಯದ ಎರಡು ವಾರ್ಡುಗಳ ಜನರಿಗೆ ಕಾರಣ ತಿಳಿಯುತ್ತದೆ, ಮುಂದಿನ ವರ್ಷ ಕೇಳಲು ಒಬ್ಬ ವ್ಯಕ್ತಿ ಇರುತ್ತಾರೆ. ಪರಿಷತ್ತು ಇಲ್ಲದಿದ್ದಾಗ ಇದೇ ಆಯ್ಕೆ ಕಡತದಲ್ಲಿ ನಡೆಯುತ್ತದೆ. ಆಯ್ಕೆ ಸರಿಯಾಗಿಯೇ ಇರಬಹುದು. ಆದರೆ ಅದಕ್ಕೆ ವಾರ್ಡಿನ ಜನರ ಮುಂದೆ ನಿಂತು ಉತ್ತರಿಸಬೇಕಾದವರು ಯಾರೂ ಇರುವುದಿಲ್ಲ. ಆಡಳಿತಾಧಿಕಾರಿಯು ಸಾಮಾನ್ಯವಾಗಿ ಬೇರೊಂದು ಪ್ರಮುಖ ಹುದ್ದೆಯ ಹೊಣೆಯನ್ನೂ ಹೊತ್ತಿರುತ್ತಾರೆ. ಹತ್ತಾರು ವಾರ್ಡುಗಳ ಅಹವಾಲುಗಳನ್ನು ಅವರೊಬ್ಬರೇ ಖುದ್ದಾಗಿ ಆಲಿಸುವುದು ಕಾರ್ಯಸಾಧ್ಯವಲ್ಲ.

ಲೆಕ್ಕಪತ್ರದ ದೃಷ್ಟಿಯಿಂದಲೂ ಒಂದು ಕೊರತೆ ಉಂಟಾಗುತ್ತದೆ. ಮಹಾನಗರ ಪಾಲಿಕೆಯ ಪರಿಷತ್ತಿನಲ್ಲಿ ತೆರಿಗೆ, ಹಣಕಾಸು ಮತ್ತು ಮೇಲ್ಮನವಿ. ಸಾರ್ವಜನಿಕ ಆರೋಗ್ಯ, ಶಿಕ್ಷಣ ಮತ್ತು ಸಾಮಾಜಿಕ ನ್ಯಾಯ. ನಗರ ಯೋಜನೆ ಮತ್ತು ಅಭಿವೃದ್ಧಿ. ಲೆಕ್ಕಪತ್ರ ಎಂಬ ನಾಲ್ಕು ಸ್ಥಾಯಿ ಸಮಿತಿಗಳಿರುತ್ತವೆ. ಖರ್ಚು ಮಾಡುವ ಕೈ ಮತ್ತು ಖರ್ಚನ್ನು ಪರಿಶೀಲಿಸುವ ಕೈ ಬೇರೆ ಬೇರೆ ಇರಬೇಕೆಂಬುದು ಲೆಕ್ಕಶಾಸ್ತ್ರದ ಪ್ರಾಥಮಿಕ ತತ್ವ. ಪರಿಷತ್ತು ಇಲ್ಲದಿದ್ದಾಗ ಲೆಕ್ಕ ಪರಿಶೋಧನೆ ಮುಂದುವರಿಯುತ್ತದೆಯಾದರೂ, ಹಣ ವ್ಯಯವಾಗುವ ಮೊದಲೇ ಪ್ರಶ್ನಿಸುವ ಸಮಿತಿಯ ಕೆಲಸ ನಡೆಯುವುದಿಲ್ಲ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಕಲ್ಯಾಣಕ್ಕೆ ಶೇ. 24.10, ಇತರ ಬಡಜನರಿಗೆ ಶೇ. 7.25 ಹಾಗೂ ಅಂಗವಿಕಲರಿಗೆ ಶೇ. 5 ಎಂದು ಕಾದಿರಿಸುವ ಅನುದಾನಗಳು ಉದ್ದೇಶಿತ ಫಲಾನುಭವಿಗಳಿಗೆ ತಲುಪಿವೆಯೇ ಎಂದು ವಾರ್ಡು ಮಟ್ಟದಲ್ಲಿ ಕೇಳುವವರು ಸಾಮಾನ್ಯವಾಗಿ ಸದಸ್ಯರೇ ಆಗಿರುತ್ತಾರೆ.

5. ಮೈಸೂರಿನ ನಿದರ್ಶನ

65 ವಾರ್ಡುಗಳ ಮೈಸೂರು ಪಾಲಿಕೆಯು ಸ್ವಚ್ಛತೆಗಾಗಿ ಹೆಸರಾಗಿದೆ. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ಅದು ದೇಶದಲ್ಲಿ ಪ್ರಥಮ ಸ್ಥಾನ ಪಡೆಯಿತು. ಕುಂಬಾರಕೊಪ್ಪಲಿನ ಶೂನ್ಯ ತ್ಯಾಜ್ಯ ಘಟಕವು, ಬಡಾವಣೆಯ ಕಸವನ್ನು ಬಡಾವಣೆಯ ಸಮೀಪದಲ್ಲಿಯೇ ವಿಂಗಡಿಸಿ ಗೊಬ್ಬರವಾಗಿ ಹಾಗೂ ಮಾರಾಟಯೋಗ್ಯ ವಸ್ತುಗಳಾಗಿ ಪರಿವರ್ತಿಸಬಹುದೆಂದು ತೋರಿಸಿತು. ಇದೇ ನಗರದ ವಿದ್ಯಾರಣ್ಯಪುರಂನ ಸೂಯೇಜ್ ಫಾರಂನಲ್ಲಿ ವರ್ಷಾನುವರ್ಷ ಸಂಗ್ರಹವಾದ ಹಳೆಯ ಕಸದ ರಾಶಿಯ ದುರ್ವಾಸನೆಯ ಬಗ್ಗೆ ಸುತ್ತಲಿನ ಬಡಾವಣೆಗಳ ನಿವಾಸಿಗಳು ದೀರ್ಘ ಕಾಲದಿಂದ ದೂರುತ್ತ ಬಂದಿದ್ದಾರೆ.

ಈ ಸಮಸ್ಯೆಯ ತಾಂತ್ರಿಕ ಪರಿಹಾರ ತಜ್ಞರಿಗೆ ಗೊತ್ತಿದೆ : ಹಳೆಯ ಕಸವನ್ನು ಅಗೆದು ಬೇರ್ಪಡಿಸುವುದು ಮತ್ತು ಹೊಸ ಕಸವನ್ನು ಹಲವು ಸಣ್ಣ ಘಟಕಗಳಿಗೆ ಹಂಚುವುದು. ಕಷ್ಟವಿರುವುದು ಎರಡನೆಯ ಅಂಶದಲ್ಲಿ. ಕಸ ತೆರವಾಗಬೇಕೆಂದು ಎಲ್ಲರೂ ಬಯಸುತ್ತಾರೆ. ತಮ್ಮ ಬಡಾವಣೆಯಲ್ಲಿ ಘಟಕ ಬರಲೆಂದು ಯಾರೂ ಬಯಸುವುದಿಲ್ಲ. ಒಂದು ಭಾಗದ ಹೊರೆಯನ್ನು ಇಡೀ ನಗರ ಹಂಚಿಕೊಳ್ಳಬೇಕೆಂದು ಒಪ್ಪಿಸುವುದು ಆದೇಶದಿಂದ ಆಗುವ ಕೆಲಸವಲ್ಲ. ಎಲ್ಲ ವಾರ್ಡುಗಳ ಪ್ರತಿನಿಧಿಗಳು ಒಂದೇ ಸಭಾಂಗಣದಲ್ಲಿ ಕುಳಿತು, ವಿದ್ಯಾರಣ್ಯಪುರಂನ ಸದಸ್ಯರ ಮಾತನ್ನು ಇತರ ವಾರ್ಡುಗಳ ಸದಸ್ಯರು ಕೇಳಬೇಕು, ನಂತರ ತಮ್ಮ ವಾರ್ಡಿನ ಜನರಿಗೆ ವಿವರಿಸಬೇಕು. ಪರಿಷತ್ತು ಇದ್ದ ವರ್ಷಗಳಲ್ಲಿಯೂ ಈ ಸಮಸ್ಯೆ ಪೂರ್ಣವಾಗಿ ಬಗೆಹರಿಯಲಿಲ್ಲವೆಂಬುದು ನಿಜ. ಆದರೆ ಪರಿಷತ್ತು ಇಲ್ಲದಿದ್ದಾಗ ಇಂತಹ ಸಮಾಲೋಚನೆಗೆ ವೇದಿಕೆಯೇ ಇಲ್ಲವಾಗುತ್ತದೆ. ದೂರುಗಳು ಪ್ರತಿಭಟನೆಯ ಅಥವಾ ದಾವೆಯ ರೂಪ ಪಡೆಯುತ್ತವೆ.

6. ವಾರ್ಡು ಸಮಿತಿಗಳ ಮಹತ್ವ

3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡು ಸಮಿತಿಗಳಿರಬೇಕೆಂದು ಸಂವಿಧಾನದ ಅನುಚ್ಛೇದ 243-ಎಸ್ ಹೇಳುತ್ತದೆ. ಪಾಲಿಕೆಗಳ ಅಧಿನಿಯಮಕ್ಕೆ 2011ರಲ್ಲಿ ತಂದ ತಿದ್ದುಪಡಿಯ ಪ್ರಕಾರ ವಾರ್ಡಿನ ಸದಸ್ಯರ ಅಧ್ಯಕ್ಷತೆಯ ಸಮಿತಿಯಲ್ಲಿ 10 ಮಂದಿ ನಾಗರಿಕರು ಇರತಕ್ಕದ್ದು. ಅವರಲ್ಲಿ ಕನಿಷ್ಠ ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಮೂವರು ಮಹಿಳೆಯರು ಹಾಗೂ ಇಬ್ಬರು ನಿವಾಸಿಗಳ ಸಂಘಗಳ ಪ್ರತಿನಿಧಿಗಳಾಗಿರಬೇಕು.

ಬೆಂಗಳೂರಿನಲ್ಲಿ 2020ರ ನಂತರ ವಾರ್ಡುಗಳಿಗೆ ನೋಡಲ್ ಅಧಿಕಾರಿಗಳನ್ನು ನೇಮಿಸಿ, ಅವರ ಮೂಲಕ ವಾರ್ಡು ಸಮಿತಿ ಸಭೆಗಳನ್ನು ಮುಂದುವರಿಸುವ ಪ್ರಯತ್ನ ನಡೆಯಿತು. ಎಲ್ಲ ವಾರ್ಡುಗಳಲ್ಲಿ ಸಭೆಗಳು ಒಂದೇ ರೀತಿ ನಡೆಯಲಿಲ್ಲವಾದರೂ, ಪರಿಷತ್ತಿನ ಅನುಪಸ್ಥಿತಿಯಲ್ಲಿಯೂ ವಾರ್ಡು ಮಟ್ಟದ ಸಭೆ ಸಾಧ್ಯವೆಂಬುದು ಇದರಿಂದ ಸ್ಪಷ್ಟವಾಯಿತು. ಇತರ ನಗರಗಳಿಗೂ ಇದು ಅನುಸರಣೀಯ. ಆದಾಗ್ಯೂ ಸಮಿತಿಯು ಪರಿಷತ್ತಿಗೆ ಪರ್ಯಾಯವಲ್ಲ. ಸಮಿತಿಯು ವಾರ್ಡಿನೊಳಗಿನ ಆದ್ಯತೆಯನ್ನು ಹೇಳಬಲ್ಲದು. ವಾರ್ಡು ವಾರ್ಡುಗಳ ನಡುವಿನ ಹಂಚಿಕೆಯನ್ನು ಪರಿಷತ್ತೇ ನಿರ್ಧರಿಸಬೇಕು.

7. ನಾಗರಿಕರಿಗೆ ಲಭ್ಯವಿರುವ ಮಾರ್ಗಗಳು

ಚುನಾಯಿತ ಸದಸ್ಯರಿಲ್ಲದ ಅವಧಿಯಲ್ಲಿ ಸಾರ್ವಜನಿಕರು ಈ ಕೆಳಕಂಡ ಮಾರ್ಗಗಳನ್ನು ಬಳಸಿಕೊಳ್ಳಬಹುದು.

(ಅ) ಆಯವ್ಯಯ ಪೂರ್ವಭಾವಿ ಸಭೆ : ಆಯವ್ಯಯ ಸಿದ್ಧಪಡಿಸುವ ಮುನ್ನ ಸಾರ್ವಜನಿಕರ ಸಲಹೆ ಪಡೆಯುವ ಸಭೆಗಳನ್ನು ಸ್ಥಳೀಯ ಸಂಸ್ಥೆಗಳು ಕರೆಯುತ್ತವೆ. ಬೇಡಿಕೆಯನ್ನು ಮೌಖಿಕವಾಗಿ ಹೇಳುವುದರ ಜೊತೆಗೆ ಕಾಮಗಾರಿಯ ಸ್ಥಳ, ಉದ್ದ, ಪ್ರಯೋಜನ ಪಡೆಯುವ ಮನೆಗಳ ಸಂಖ್ಯೆ ಇವುಗಳನ್ನು ಬರೆದು ಸಲ್ಲಿಸಿ ಸ್ವೀಕೃತಿ ಪಡೆಯುವುದು ಸೂಕ್ತ. ವಿವರವಿರುವ ಬೇಡಿಕೆ ಕ್ರಿಯಾ ಯೋಜನೆಯಲ್ಲಿ ಸೇರುವ ಸಂಭವ ಹೆಚ್ಚು.

(ಆ) ಮಾಹಿತಿ ಹಕ್ಕು : ಮಾಹಿತಿ ಹಕ್ಕು ಅಧಿನಿಯಮ, 2005ರಂತೆ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಸಲ್ಲಿಸಿ ಕ್ರಿಯಾ ಯೋಜನೆ, ಅಂದಾಜು ಪಟ್ಟಿ ಮತ್ತು ಆಡಳಿತಾಧಿಕಾರಿಯ ನಿರ್ಣಯಗಳ ಪ್ರತಿ ಪಡೆಯಬಹುದು. 30 ದಿನಗಳೊಳಗೆ ಉತ್ತರ ನೀಡಬೇಕು. ರಾಜ್ಯದ ನಿಯಮಗಳಂತೆ ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿದ್ದು 150 ಪದಗಳನ್ನು ಮೀರದಂತಿರಬೇಕು.

(ಇ) ಸಕಾಲ : ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ಅಡಿ ಅಧಿಸೂಚಿತವಾದ ಸೇವೆಗಳಲ್ಲಿ ವಿಳಂಬವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರಕ್ಕೆ ಅವಕಾಶವಿದೆ. ಅರ್ಜಿ ಸಲ್ಲಿಸಿದಾಗ ಸಕಾಲ ಸಂಖ್ಯೆಯನ್ನು ತಪ್ಪದೆ ಪಡೆಯಬೇಕು. ಚರಂಡಿ, ರಸ್ತೆ ಮುಂತಾದ ಸಾಮೂಹಿಕ ಕಾಮಗಾರಿಗಳ ಬೇಡಿಕೆಗೆ ಈ ಮಾರ್ಗ ಒದಗುವುದಿಲ್ಲ.

(ಈ) ಮತದಾರರ ಪಟ್ಟಿ ಮತ್ತು ವಾರ್ಡು ಗಡಿಯ ಕರಡು : ಇವು ಪ್ರಕಟವಾದಾಗ ನಿಗದಿತ ದಿನಗಳೊಳಗೆ ಪರಿಶೀಲಿಸಿ ಆಕ್ಷೇಪಣೆ ಸಲ್ಲಿಸಬೇಕು. ಕರಡಿನ ಹಂತದಲ್ಲಿ ಸರಿಪಡಿಸಿದ ಲೋಪ ನಂತರ ದಾವೆಗೆ ಕಾರಣವಾಗುವುದಿಲ್ಲ. ಇದರಿಂದ ಚುನಾವಣೆಯ ಮತ್ತಷ್ಟು ವಿಳಂಬವೂ ತಪ್ಪುತ್ತದೆ.

8. ಉಪಸಂಹಾರ

ಆಡಳಿತಾಧಿಕಾರಿಯ ವ್ಯವಸ್ಥೆಯನ್ನು ಕಾನೂನು ಕಲ್ಪಿಸಿರುವುದು ಎರಡು ಪರಿಷತ್ತುಗಳ ನಡುವಿನ ಅಲ್ಪಾವಧಿಯ ಸೇತುವೆಯಾಗಿ ಮಾತ್ರ. ಆ ಅವಧಿ ವರ್ಷಗಟ್ಟಲೆ ವಿಸ್ತರಿಸಿದಾಗ ಕಚೇರಿಯ ಕೆಲಸ ನಿಲ್ಲುವುದಿಲ್ಲ. ಆದರೆ ತೆರಿಗೆ ನೀಡುವವರಿಗೂ ಅದನ್ನು ಖರ್ಚು ಮಾಡುವವರಿಗೂ ನಡುವೆ ಇರಬೇಕಾದ ಪ್ರಶ್ನೋತ್ತರ ನಿಂತುಹೋಗುತ್ತದೆ. ಹಣವಂತ ಬಡಾವಣೆಗಳ ಸಂಘಗಳು ಮೇಲಧಿಕಾರಿಗಳನ್ನು ನೇರವಾಗಿ ಭೇಟಿಯಾಗಬಲ್ಲವು, ನ್ಯಾಯಾಲಯಕ್ಕೆ ಹೋಗಬಲ್ಲವು. ಕೊಳಗೇರಿಯ ನಿವಾಸಿಗಳಿಗೆ, ಬೀದಿಬದಿಯ ವ್ಯಾಪಾರಿಗಳಿಗೆ, ದಿನಗೂಲಿಯವರಿಗೆ ವಾರ್ಡಿನ ಸದಸ್ಯರ ಮನೆಯ ಬಾಗಿಲೇ ಸರ್ಕಾರದ ಬಾಗಿಲು. ಆದ್ದರಿಂದ ಚುನಾವಣೆಯ ವಿಳಂಬದ ಹೊರೆ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲವೆಂಬುದನ್ನು ಗಮನಿಸಬೇಕಾಗಿದೆ. ವಾರ್ಡು ವಿಂಗಡಣೆ ಮತ್ತು ಮೀಸಲಾತಿ ನಿಗದಿಯ ಕಾರ್ಯವನ್ನು ಪರಿಷತ್ತಿನ ಕೊನೆಯ ವರ್ಷದಲ್ಲಿಯೇ ಆರಂಭಿಸಿ ಮುಗಿಸುವುದು, ಹಾಗೂ ಮಧ್ಯಂತರ ಅವಧಿಯಲ್ಲಿ ವಾರ್ಡು ಮಟ್ಟದ ಸಭೆಗಳನ್ನು ನಿಲ್ಲಿಸದೆ ನಡೆಸಿ ಅವುಗಳ ನಡವಳಿಯನ್ನು ಪ್ರಕಟಿಸುವುದು, ಈ ಹೊರೆಯನ್ನು ತಗ್ಗಿಸುವ ಕಾರ್ಯಸಾಧ್ಯ ಕ್ರಮಗಳಾಗಿವೆ.