ಚೀಟಿ ಬೇಡವೆನ್ನುವವರಿಗೆ

ಪ್ರತಿಬಂಧಕ ಬೆರೆಸಿದ ಬ್ಯೂಟಡೈನ್ ಸಿಲಿಂಡರಿಗೆ ದಿನಾಂಕದ ಚೀಟಿ ಅನಗತ್ಯ ಎಂಬ ಮಾತು ಅಪಾಯಕಾರಿ. ಬ್ಯೂಟಡೈನ್ ಪಾಲಿಮರ್ ಆಗದಂತೆ ತಡೆಯುವ ಟಿಬಿಸಿ ಎಂಬ ಆ ಪ್ರತಿಬಂಧಕ ದ್ರವದಲ್ಲೇ ಉಳಿಯುತ್ತದೆ, ಅನಿಲದ ಜೊತೆ ಮೇಲೇರುವುದಿಲ್ಲ. ಹಾಗಾಗಿ ಕೊಳವೆಯಲ್ಲಿ, ವಾಲ್ವಿನ ಸಂದಿಯಲ್ಲಿ ತಂಗಿದ ಅನಿಲಕ್ಕೆ ಕಾವಲೇ ಇಲ್ಲ. ಅಲ್ಲಿಗೆ ತುಸು ಆಮ್ಲಜನಕ ನುಸುಳಿದರೂ ಪೆರಾಕ್ಸೈಡ್ ಹುಟ್ಟಬಹುದು. ಅದರಿಂದ ಪಾಪ್‌ಕಾರ್ನ್‌ನಂಥ ಪಾಲಿಮರ್ ಬೆಳೆದು ಉಕ್ಕಿನ ಕೊಳವೆಯನ್ನೇ ಸೀಳಬಲ್ಲದು. 2019ರ ನವೆಂಬರ್ 27ರಂದು ಟೆಕ್ಸಾಸ್‌ನ ಪೋರ್ಟ್ ನೆಚೆಸ್‌ನಲ್ಲಿ ಕಾರ್ಖಾನೆ ಸ್ಫೋಟಿಸಿದ್ದು ಹೀಗೆಯೇ, ಹರಿವು ನಿಂತಿದ್ದ ಕೊಳವೆಯೊಂದು ಒಡೆದು. ಅದು ಕಾರ್ಖಾನೆ, ನಮ್ಮದು ಪ್ರಯೋಗಾಲಯ ಎನ್ನಬೇಡಿ; ರಸಾಯನಕ್ರಿಯೆ ಒಂದೇ. ಸಿಲಿಂಡರ್ ಬಂದ ದಿನ, ತೆರೆದ ದಿನ ಬರೆದಿಡಿ. ಅನಿಲ ತುಂಬುವ ಪಾತ್ರೆಯೊಳಗಿನ ಗಾಳಿಯನ್ನು ಮೊದಲು ಸಾರಜನಕದಿಂದ ಹೊರದೂಡಿ. ಅವಧಿ ಮೀರಿದ ಸಿಲಿಂಡರ್ ಕಂಡರೆ ವಾಲ್ವ್ ಮುಟ್ಟದೆ ಸುರಕ್ಷತಾ ಅಧಿಕಾರಿಯನ್ನು ಕರೆಯಿರಿ.